ಗಾಳದ ತುತ್ತು ದಾಸೋಹವಾಗದು

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಅರಿಯದ ಶರಣಭಕ್ತರಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಜಂಗಮ ದಾಸೋಹ ನಡೆಸುವುದು ಆ ಮನೆಯ ವ್ರತ. ಒಂದು ದಿನ ಮಾರಯ್ಯನು ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಒಲೆಯ ಬಳಿಗೂ ಸೇರಿಸಲಿಲ್ಲ. ಅಗತ್ಯಕ್ಕೆ ಮೀರಿದ್ದನ್ನು ತಂದ ಕೈಯೇ ಅದನ್ನು ತಂದೆಡೆಗೆ ಒಪ್ಪಿಸಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಹನ್ನೆರಡನೆಯ ಶತಮಾನದ ಈ ಬಡ ಗೃಹಿಣಿಯ ನಿಷ್ಠೆಯನ್ನು ಇಂದಿಗೂ ಪ್ರವಚನಕಾರರು ಸತ್ಯಶುದ್ಧ ಕಾಯಕಕ್ಕೆ ದೃಷ್ಟಾಂತವಾಗಿ ಎತ್ತಿ ಹೇಳುತ್ತಾರೆ.

ಈ ಪ್ರಸಂಗದಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಸೂಕ್ಷ್ಮವಿದೆ. ಲಕ್ಕಮ್ಮ ಅಕ್ಕಿಯನ್ನು ಮರಳಿಸಿದಳು ಎಂಬುದಷ್ಟೇ ಇಲ್ಲಿನ ಹಿರಿಮೆಯಲ್ಲ. ಮರಳಿಸುವ ಮುನ್ನ ಅದರಿಂದ ಯಾವ ಸುಖವನ್ನೂ ಪಡೆಯಲಿಲ್ಲ, ಮರಳಿಸಿದ ಮೇಲೆ ಅದರಿಂದ ಯಾವ ಕೀರ್ತಿಯನ್ನೂ ಬಯಸಲಿಲ್ಲ. ತನಗೆ ಬೇಡವಾದುದನ್ನು ಮುಟ್ಟದೆ ಬಿಡುವುದೇ ನಿಜವಾದ ಬಿಡುವಿಕೆ. ತನಗೆ ಬೇಕಾದುದನ್ನೆಲ್ಲ ಹೀರಿಕೊಂಡು, ಉಳಿದುದನ್ನು 'ಬಿಟ್ಟೆ' ಎಂದು ಹೇಳಿಕೊಳ್ಳುವುದು ತ್ಯಾಗದ ವೇಷ ಮಾತ್ರ. ಈ ಎರಡರ ನಡುವಿನ ಅಂತರವನ್ನು ಮರೆಸುವ ವಿನೋದವೊಂದು ವಿದ್ಯಾವಂತರಲ್ಲಿ ಗೌರವದ ಹವ್ಯಾಸವೆನಿಸಿಕೊಂಡಿದೆ. ಅದರ ಹೆಸರು ಹಿಡಿದು ಬಿಡುವ ಮೀನುಬೇಟೆ. ಅದಕ್ಕೆ ಸಿಕ್ಕಿರುವುದು ಕಾವೇರಿಯ ಅತ್ಯಂತ ಅಪರೂಪದ ಮೀನು, ಡುಬ್ಬದ ಮಹಶೀರ್.

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ನಂಗಲಿಗೂ ಕಾವೇರಿಯ ಮೀನಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ನಂಗಲಿ ಹಿಂದಿನಿಂದಲೂ ಎಲ್ಲೆಯ ಊರು. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಮೂಡಣ ಗಡಿಯೆಂದು ನಂಗಲಿಯ ಘಟ್ಟವನ್ನು ಹೆಸರಿಸುತ್ತವೆ; ಇಂದು ಅದು ಆಂಧ್ರದ ಗಡಿ. ಬೆಂಗಳೂರಿನಿಂದ ಚಿತ್ತೂರಿನತ್ತ ಸಾಗುವ ಹೆದ್ದಾರಿ ಈ ಊರನ್ನು ಹಾದುಹೋಗುತ್ತದೆ. ಸೀಮೆಯ ಮಕ್ಕಳು ಓದಿ, ಬೆಂಗಳೂರಿನಲ್ಲಿ ಉದ್ಯೋಗ ಹಿಡಿದು, ವಾರದ ಕೊನೆಗೆ ಊರಿಗೆ ಬರುವುದು ಸಹಜವಾಗಿದೆ. ಹಾಗೆಯೇ ವಾರದ ಕೊನೆಗೆ ಊರನ್ನು ಬಿಟ್ಟು ಗೆಳೆಯರೊಡನೆ ದೂರದ ನದಿಗೆ ಹೊರಡುವ ಉಮೇದೂ ಬಂದಿದೆ. ಶನಿವಾರದ ನಸುಕಿನಲ್ಲಿ ನಂಗಲಿಯಿಂದ ಹೊರಟ ಕಾರು ಮುಳಬಾಗಿಲು, ಕೋಲಾರ, ಹೊಸಕೋಟೆ ದಾಟಿ, ಬೆಂಗಳೂರನ್ನು ಬಳಸಿ, ಕನಕಪುರ, ಸಾತನೂರು, ಹಲಗೂರುಗಳ ಮೂಲಕ ಮುತ್ತತ್ತಿ, ಭೀಮೇಶ್ವರಿಗಳ ಕಡೆಗೆ ಇಳಿಯಬೇಕಾದರೆ ಇನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆಯಲ್ಲಿ ಬೆಳೆದವನಿಗೆ ತುಂಬಿ ಹರಿಯುವ ಕಾವೇರಿಯನ್ನು ಕಂಡರೆ ಮನಸ್ಸು ಅರಳುವುದು ಸಹಜ. ಅದರಲ್ಲಿ ದೋಷವಿಲ್ಲ. ಕಾರಿನ ಡಿಕ್ಕಿಯಲ್ಲಿ ಮಲಗಿರುವ ಗಾಳದ ಕೋಲೇ ಇಲ್ಲಿ ವಿಚಾರಣೆಗೆ ಬರಬೇಕಾದದ್ದು.

ಮೊದಲು ಆ ಮೀನನ್ನು ಅರಿಯಬೇಕು. ಮಹಶೀರ್ ಎಂಬುದು ಗೆಂಡೆಮೀನಿನ ಬಳಗಕ್ಕೆ ಸೇರಿದ, ದೊಡ್ಡ ಹುರುಪೆಗಳ, ಹರಿಯುವ ಹೊಳೆಯ ಮೀನು. ಕಾವೇರಿಯಲ್ಲಿ ಮಾತ್ರ ಹುಟ್ಟಿ ಬೆಳೆದ ಒಂದು ಬಗೆಗೆ ತಲೆಯ ಹಿಂದೆ ಎದ್ದ ಡುಬ್ಬವಿದೆ, ರೆಕ್ಕೆಗಳಲ್ಲಿ ಕೇಸರಿ ಬಣ್ಣವಿದೆ, ಮೈಯಲ್ಲಿ ಹೊನ್ನಿನ ಛಾಯೆಯಿದೆ. ಮನುಷ್ಯನ ತೂಕಕ್ಕೆ ಸಮನಾಗಿ ಬೆಳೆಯಬಲ್ಲ ಮೀನಿದು. 1946ರಲ್ಲಿ ಕಾವೇರಿಯ ಉಪನದಿಯಾದ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮೀನು 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ಮಳೆಗಾಲದ ಹೊಸ ನೀರಿನೊಡನೆ ಮೇಲಕ್ಕೆ ಏರಿ, ಕಲ್ಲುಗರಸಿನ ತಳದಲ್ಲಿ ಮೊಟ್ಟೆಯಿಟ್ಟು, ಬೇಸಗೆಯಲ್ಲಿ ಆಳವಾದ ಮಡುಗಳಲ್ಲಿ ಆಶ್ರಯ ಪಡೆಯುವುದು ಇದರ ಕುಲಧರ್ಮ. ಮೇಲೆ ಕೃಷ್ಣರಾಜಸಾಗರ, ಕೆಳಗೆ ಮೆಟ್ಟೂರು. 1930ರ ದಶಕದಲ್ಲಿ ಎರಡು ದೊಡ್ಡ ಅಣೆಕಟ್ಟುಗಳು ನಿಂತ ಮೇಲೆ ಆ ಏರುದಾರಿ ತುಂಡಾಯಿತು. ಅದರ ಬೆನ್ನಿಗೆ ಮರಳು ತೋಡುವಿಕೆ, ಸಿಡಿಮದ್ದು, ವಿಷ, ನಗರಗಳ ಕೊಳಕು ಎಲ್ಲವೂ ಬಂದವು.

ಇಷ್ಟು ಪ್ರಸಿದ್ಧವಾದ ಮೀನಿಗೆ ಶಾಸ್ತ್ರೀಯವಾದ ಹೆಸರೇ ಖಚಿತವಾಗಿರಲಿಲ್ಲವೆಂಬುದು ಇನ್ನೊಂದು ಸೋಜಿಗ. ಒಂದೂವರೆ ಶತಮಾನದ ಕಾಲ ಬೇಟೆಯ ಪುಸ್ತಕಗಳಲ್ಲಿ ಇದರ ಪರಾಕ್ರಮದ ವರ್ಣನೆ ಬಂದಿತು, ಭಾವಚಿತ್ರಗಳು ಬಂದವು. ಇದು ಯಾವ ಜಾತಿಯೆಂದು ನಿರ್ಧಾರವಾದುದು ಮಾತ್ರ 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯ ಮೀನಿಗೆ ವಿಜ್ಞಾನಿ ರೇಮಾದೇವಿಯವರ ಗೌರವಾರ್ಥ ಇಟ್ಟಿದ್ದ 'ಟಾರ್ ರೇಮಾದೇವಿ' ಎಂಬ ಹೆಸರೇ ಕಾವೇರಿಯ ಡುಬ್ಬದ ಮಹಶೀರಿಗೂ ಸಲ್ಲತಕ್ಕದ್ದೆಂದು ಆ ವರ್ಷ ಪ್ರಕಟವಾದ ಸಂಶೋಧನೆ ತೋರಿಸಿತು. ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯು ಇದನ್ನು ಅಳಿವಿನ ಅಂಚಿನಲ್ಲಿರುವ, ಅತ್ಯಂತ ಅಪಾಯಕ್ಕೊಳಗಾದ ಜೀವಿಗಳ ಸಾಲಿಗೆ ಸೇರಿಸಿತು. ನಾಮಕರಣವೂ ಮರಣದ ಎಚ್ಚರಿಕೆಯೂ ಒಂದೇ ವರ್ಷದಲ್ಲಿ ಬಂದುವು. ನೂರೈವತ್ತು ವರ್ಷ ಅದನ್ನು ಹಿಡಿಯಲು ತವಕಿಸಿದವರು ಅದನ್ನು ಅರಿಯಲು ಎಷ್ಟು ತವಕಿಸಿದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಹವ್ಯಾಸ ಬೆಳೆದ ಬಗೆಯನ್ನೂ ನ್ಯಾಯವಾಗಿ ಹೇಳಬೇಕು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಗಾಳಗಾರರು ಕಾವೇರಿಯಲ್ಲಿ ಭಾರಿ ಮೀನುಗಳನ್ನು ಹಿಡಿದ ಸುದ್ದಿ ಹೊರದೇಶಗಳಲ್ಲಿ ಹಬ್ಬಿತು. ತರುವಾಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳು ನೆಲೆಗೊಂಡವು. ಹಿಡಿದ ಮೀನನ್ನು ತೂಗಿ, ಭಾವಚಿತ್ರ ತೆಗೆಸಿಕೊಂಡು, ಮರಳಿ ನೀರಿಗೆ ಬಿಡತಕ್ಕದ್ದೆಂಬ ನಿಯಮ ಅಲ್ಲಿ ಜಾರಿಯಲ್ಲಿತ್ತು. ನದಿಯ ಎರಡೂ ದಡದ ಕಾಡು 1987ರಲ್ಲಿ ಕಾವೇರಿ ವನ್ಯಜೀವಿ ಅಭಯಾರಣ್ಯವೆನಿಸಿತು. ವನ್ಯಜೀವಿ ಕಾಯಿದೆಯ ಪ್ರಕಾರ ಅಭಯಾರಣ್ಯದೊಳಗೆ ಗಾಳವೂ ಬೇಟೆಯೇ ಎಂಬ ನಿಲುವು ಗಟ್ಟಿಯಾದ ಮೇಲೆ, 2012ರ ವೇಳೆಗೆ ಅಲ್ಲಿ ಗಾಳ ಹಾಕುವುದು ನಿಂತಿತು. ಕಾನೂನು ಕೈಯನ್ನು ತಡೆಯಿತು, ಹಂಬಲ ತಡೆಯಲ್ಪಡಲಿಲ್ಲ. ಪರವಾನಗಿ ದೊರೆಯುವ ಬೇರೆ ಹರಿವುಗಳನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ಕಾವಲುಗಾರನ ಕಣ್ಣು ತಪ್ಪಿಸುವವರಿದ್ದಾರೆ. ನಿಷೇಧವನ್ನು ತೆಗೆಯಬೇಕೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಆದುದರಿಂದ ವಾದವನ್ನು ವಾದದಿಂದಲೇ ಎದುರಿಸಬೇಕು.

ವಾದಕ್ಕೆ ಮೊದಲು ಎರೆಯ ವಿಚಾರ. ಕಾವೇರಿಯ ಶಿಬಿರಗಳಲ್ಲಿ ಮಹಶೀರಿಗೆ ಒಡ್ಡುತ್ತಿದ್ದ ಹೆಸರುವಾಸಿ ಎರೆ ರಾಗಿ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಬೇಯಿಸಿ, ಅದರೊಳಗೆ ಕೊಕ್ಕೆಯನ್ನು ಅಡಗಿಸಿ ಮಡುವಿಗೆ ಎಸೆಯುತ್ತಿದ್ದರು. ರಾಗಿಯೆಂದರೆ ಕೋಲಾರ ಸೀಮೆಗೆ ಪ್ರಾಣ. ನಂಗಲಿಯ ಹೊಲದಲ್ಲಿ ಮುಂಗಾರಿನ ಹನಿಗಾಗಿ ಆಕಾಶ ನೋಡುತ್ತ ಬೆಳೆಯುವ ಕಾಳದು. ಹಸಿದು ಬಂದವರ ಮುಂದೆ ಬಿಸಿ ಮುದ್ದೆಯಾಗಿ ಕೂರುವ ಅನ್ನವದು. ದಾಸೋಹದ ಅರ್ಥವೇನು? ನೀಡುವವನು ಉಣ್ಣುವವನಿಂದ ಏನನ್ನೂ ಅಪೇಕ್ಷಿಸದಿರುವುದು. ನೀಡಿದೆನೆಂಬ ಭಾವವೂ ಉಳಿಯದಿರುವುದು. ಗಾಳದವನ ಮುದ್ದೆಯಲ್ಲಿ ಇದರ ತದ್ವಿರುದ್ಧವಿದೆ. ಅಲ್ಲಿ ಅನ್ನವೆಂಬುದು ವಂಚನೆಯ ಹೊದಿಕೆ. ಹಸಿದ ಜೀವಿಯ ನಂಬಿಕೆಯನ್ನೇ ಅದರ ಬಾಯಿಗೆ ಕಬ್ಬಿಣವಾಗಿಸುವ ಉಪಾಯವದು. ದಾಸೋಹದ ಮನೆಯಲ್ಲಿ ಹುಟ್ಟಿ ಬೆಳೆದ ಕೈ ರಾಗಿಯ ಉಂಡೆಯೊಳಗೆ ಕೊಕ್ಕೆಯನ್ನು ಹುದುಗಿಸುವಾಗ ಒಮ್ಮೆಯೂ ನಡುಗುವುದಿಲ್ಲವೆಂದರೆ, ಆ ಮನೆಯ ಸಂಸ್ಕಾರ ಎಲ್ಲಿ ಸೋರಿಹೋಯಿತೆಂದು ಹಿರಿಯರು ಕೇಳಿಕೊಳ್ಳಬೇಕಾಗುತ್ತದೆ.

ಗಾಳಗಾರರ ಮೊದಲನೆಯ ವಾದ ಹೀಗಿದೆ: 'ಇಲ್ಲಿ ಕೊಲೆಯಿಲ್ಲ. ಮೀನು ಮರಳಿ ನದಿಗೆ ಹೋಗುತ್ತದೆ. ಕೊಲ್ಲದಿದ್ದ ಮೇಲೆ ಹಿಂಸೆಯೆಲ್ಲಿ?'

ಬಿಟ್ಟ ಮೀನು ಬಹುಮಟ್ಟಿಗೆ ಬದುಕುತ್ತದೆ ಎಂಬುದನ್ನು ಒಪ್ಪಬೇಕು. ಸತ್ಯವನ್ನು ಮುಚ್ಚಿಟ್ಟು ಧರ್ಮವನ್ನು ಸಮರ್ಥಿಸಲಾಗದು. ಬದುಕುವ ಮುನ್ನ ಅದು ಅನುಭವಿಸುವುದೇನೆಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ನೋಡಬೇಕು. ದೊಡ್ಡ ಮಹಶೀರ್ ಗಾಳಕ್ಕೆ ಸಿಕ್ಕರೆ ಕಲ್ಲುಬಂಡೆಗಳ ನಡುವೆ, ಸೆಳವಿನಲ್ಲಿ, ಬಹಳ ಹೊತ್ತು ಎಳೆದಾಡುತ್ತದೆ. ದಾರದ ಈ ತುದಿಯಲ್ಲಿರುವವನಿಗೆ ಅದು ರೋಮಾಂಚನ; ಆ ತುದಿಯಲ್ಲಿರುವುದಕ್ಕೆ ಅದು ಪ್ರಾಣಸಂಕಟ. ಕಾವೇರಿಯ ನೀಲಿ ರೆಕ್ಕೆಯ ಮಹಶೀರುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವು, ಎಳೆದಾಟ ಹೆಚ್ಚಾದಷ್ಟೂ ಮೀನಿನ ರಕ್ತದಲ್ಲಿ ದಣಿವಿನ ಲಕ್ಷಣವಾದ ಲ್ಯಾಕ್ಟೇಟ್ ಏರುವುದನ್ನು ತೋರಿಸಿತು. ಹಿಂದಿನ ದಿನಗಳಲ್ಲಿ, ಬೆಳಕಿನಲ್ಲಿ ಒಳ್ಳೆಯ ಭಾವಚಿತ್ರ ಬರಲೆಂದು, ಹಿಡಿದ ಮೀನನ್ನು ಹಗ್ಗದಲ್ಲಿ ಕಟ್ಟಿ ನೀರಿನಲ್ಲೇ ನಿಲ್ಲಿಸಿಕೊಳ್ಳುವ ಪದ್ಧತಿಯೂ ಇತ್ತು. ಒಬ್ಬನ ಕತ್ತನ್ನು ಹಿಸುಕಿ, ಉಸಿರು ನಿಲ್ಲುವ ಮುನ್ನ ಕೈ ಸಡಿಲಿಸಿ, 'ಕೊಲ್ಲಲಿಲ್ಲವಲ್ಲ' ಎಂದರೆ ಯಾವ ನ್ಯಾಯಾಲಯವೂ ಅದನ್ನು ಕರುಣೆಯೆಂದು ಬರೆದುಕೊಳ್ಳುವುದಿಲ್ಲ.

ಲಕ್ಕಮ್ಮನ ಪ್ರಸಂಗವನ್ನು ಇಲ್ಲಿ ಮರಳಿ ನೆನೆಯಬೇಕು. ಅವಳು ಬಿಟ್ಟದ್ದು ಅಕ್ಕಿಯನ್ನು. ಅದರೊಡನೆ ಅದರ ಆಸೆಯನ್ನೂ ಬಿಟ್ಟಳು. ಗಾಳದವನು ಮೀನನ್ನು ಬಿಡುತ್ತಾನೆ. ಅದರಿಂದ ತನಗೆ ಬೇಕಾಗಿದ್ದ ಸುಖವನ್ನು, ಗೆದ್ದ ಹೆಮ್ಮೆಯನ್ನು, ಗೆಳೆಯರಿಗೆ ತೋರಿಸುವ ಚಿತ್ರವನ್ನು ಬಿಡುವುದಿಲ್ಲ. ಅವನಿಗೆ ಮಾಂಸ ಮೊದಲಿನಿಂದಲೂ ಬೇಕಾಗಿರಲಿಲ್ಲ. ಬೇಡವಾದುದನ್ನು ಬಿಟ್ಟು ಬೇಕಾದುದನ್ನು ಉಳಿಸಿಕೊಂಡವನಿಗೆ ತ್ಯಾಗಿಯೆಂಬ ಹೆಸರು ಸಲ್ಲದು. ಮುಂದಿನ ಶನಿವಾರ ಅದೇ ಮೀನು ಅದೇ ಮಡುವಿನಲ್ಲಿ ಮತ್ತೊಬ್ಬನ ಕೊಕ್ಕೆಗೆ ಸಿಗಲೆಂಬುದೂ ಆ ಬಿಡುವಿಕೆಯೊಳಗಿನ ಲೆಕ್ಕವೇ.

ಎರಡನೆಯ ವಾದ ಮೊದಲನೆಯದಕ್ಕಿಂತ ಬಲವಾದುದು. 'ಗಾಳದವರು ಇದ್ದುದರಿಂದಲೇ ಮೀನು ಉಳಿದಿತ್ತು. ಅವರ ಹಣದಿಂದ ಕಾವಲು ನಡೆಯುತ್ತಿತ್ತು. ಅವರು ಹೋದ ಮೇಲೆ ಸಿಡಿಮದ್ದಿನವರು ಬಂದರು' ಎಂಬುದು ಅದರ ಸಾರ. ಇದರಲ್ಲಿ ಹುರುಳಿದೆ. 1972ರಲ್ಲಿ ಸ್ಥಾಪನೆಯಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಸಂಸ್ಥೆಯು ನದಿಯ ಭಾಗವೊಂದನ್ನು ಗುತ್ತಿಗೆಗೆ ಪಡೆದು ಕಾವಲು ಏರ್ಪಡಿಸಿತ್ತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ದಡದ ಹಳ್ಳಿಗರೇ ಶಿಬಿರಗಳಲ್ಲಿ ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ಗೌರವದ ಜೀವನ ಕಂಡರು. ಶಿಬಿರಗಳು ನಿಂತಾಗ ಆ ಅನ್ನವೂ ನಿಂತಿತು, ಆ ಕಣ್ಗಾವಲೂ ಸಡಿಲಾಯಿತು ಎಂದು ಮೀನಿನ ಶಾಸ್ತ್ರಜ್ಞರೇ ಬರೆದಿದ್ದಾರೆ. ನಿಷೇಧದ ಆಜ್ಞೆಯನ್ನು ಹೊರಡಿಸಿ, ಕಾವಲಿಗೆ ಬದಲಿ ಏರ್ಪಾಡು ಮಾಡದೆ ಕುಳಿತರೆ ಅದು ಜೀವದಯೆಯೆನಿಸಲಾರದು. ಈ ಮಾತನ್ನು ಗಾಳದ ವಿರೋಧಿಗಳು ತಲೆಬಾಗಿ ಒಪ್ಪಿಕೊಳ್ಳಬೇಕು.

ಆದರೆ ಆ ಕಾವಲು ಕಾದದ್ದು ಏನನ್ನು? ಇದಕ್ಕೆ ಉತ್ತರ ಗಾಳಗಾರರ ದಿನಚರಿ ಪುಸ್ತಕಗಳಲ್ಲೇ ಇದೆ. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ಪರಿಶೀಲಿಸಿದರು. ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳ, ಆರು ಸಾವಿರಕ್ಕೂ ಹೆಚ್ಚು ಮೀನುಗಳು. ಒಟ್ಟು ಸಂಖ್ಯೆ ನೋಡಿದವನಿಗೆ ನದಿ ಸಮೃದ್ಧವಾಗಿದೆಯೆಂದೇ ತೋರುತ್ತದೆ. ಬಿಡಿಸಿ ನೋಡಿದಾಗ ತಿಳಿದದ್ದು ಬೇರೆ: ಹೆಚ್ಚುತ್ತಿದ್ದುದು ನೀಲಿ ರೆಕ್ಕೆಯ ಮಹಶೀರ್. ಕಾವೇರಿಯ ಸ್ವಂತ ಮಗುವಾದ ಹೊಂಬಣ್ಣದ ಡುಬ್ಬದ ಮಹಶೀರ್ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿತ್ತು. ಸಿಕ್ಕುವ ಕೆಲವು ಮೀನುಗಳ ತೂಕ ಮಾತ್ರ ಏರುತ್ತಿತ್ತು. ಬೇಟೆಗಾರನಿಗೆ ಅದು ಹಬ್ಬ. ಅರಿತವನಿಗೆ ಅದು ಸೂತಕದ ಸುದ್ದಿ: ಮುದುಕರು ಮಾತ್ರ ಉಳಿದಿದ್ದಾರೆ, ಮನೆಯಲ್ಲಿ ತೊಟ್ಟಿಲು ತೂಗುತ್ತಿಲ್ಲ.

ಆ ನೀಲಿ ರೆಕ್ಕೆಯ ಮೀನು ಎಲ್ಲಿಯದು? ಅದು ಕೃಷ್ಣಾ ಕೊಳ್ಳದ ಕಡೆಯದು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯ ಮರಿಕೇಂದ್ರದಲ್ಲಿ 1970ರ ದಶಕದಿಂದ ಅದರ ಮರಿಗಳನ್ನು ಬೆಳೆಸಿ ದೇಶದ ನಾನಾ ನದಿಗಳಿಗೆ ಹಂಚಲಾಯಿತು. ಮಹಶೀರ್ ಕುಲ ಉಳಿಯಲೆಂಬ ಸದುದ್ದೇಶವೇ ಅದರ ಹಿಂದಿತ್ತು. ಕಾವೇರಿಗೂ ಆ ಮರಿಗಳು ಬಂದವು. ಗಾಳಕ್ಕೆ ಮೀನು ಸಾಕಷ್ಟು ಸಿಗಬೇಕೆಂಬ ಆತುರದಲ್ಲಿ, ಕಾವೇರಿಗೆ ತನ್ನದೇ ಆದ ಮಹಶೀರ್ ಉಂಟು, ಅದಕ್ಕೆ ಬೇರೆ ಹೆಸರೂ ಬೇರೆ ಹಣೆಬರಹವೂ ಉಂಟು ಎಂದು ಯಾರೂ ನಿಂತು ವಿಚಾರಿಸಲಿಲ್ಲ. ಬಂದ ನೆಂಟ ಮನೆಯೊಡೆಯನಾದ. ಅಣೆಕಟ್ಟು, ಮರಳು, ಕೊಳಕುಗಳಿಂದ ಮೊದಲೇ ಸೊರಗಿದ್ದ ಮನೆಯ ಮಗ ಮೂಲೆ ಸೇರಿದ. ಇಂದು ಡುಬ್ಬದ ಮಹಶೀರಿನ ನೆಲೆಯೆಂದು ವಿಜ್ಞಾನಿಗಳು ಆಸೆಯಿಂದ ನೋಡುತ್ತಿರುವುದು ಮೋಯಾರ್‌ನಂತಹ ಕೆಲವೇ ಉಪನದಿಗಳನ್ನು. ಗಾಳದವರ ಕಾವಲು ನಿಜವಾಗಿಯೂ ಆ ಮೀನನ್ನು ಕಾದಿದ್ದರೆ, ಅದು ಕಣ್ಣೆದುರಿಗೇ ಕರಗುತ್ತಿದ್ದಾಗ ಯಾರಿಗೂ ಗೊತ್ತಾಗದೆ ಹೋದದ್ದು ಹೇಗೆ? ಅವರು ಕಾದದ್ದು ಆಟವನ್ನು. ದಾರದ ತುದಿಯಲ್ಲಿ ಭಾರವಿದ್ದರೆ ಸಾಕು, ಅಲ್ಲಿರುವುದು ಯಾವ ಮೀನೆಂಬುದು ಆಟಕ್ಕೆ ಮುಖ್ಯವಾಗಲಿಲ್ಲ.

ಒಂದು ಮಾತನ್ನು ಇಲ್ಲಿ ಸೇರಿಸದಿದ್ದರೆ ಅನ್ಯಾಯವಾದೀತು. ಆ ದಿನಚರಿ ಪುಸ್ತಕಗಳು ಇರದಿದ್ದರೆ ಈ ಅಳಿವಿನ ಕಥೆಯೂ ಹೊರಬೀಳುತ್ತಿರಲಿಲ್ಲ. ಬರೆದಿಟ್ಟವರಿಗೆ ಆ ಶ್ರೇಯಸ್ಸು ಸಲ್ಲಲಿ. ಆದರೆ ರೋಗಿಯ ಜ್ವರವನ್ನು ಹದಿನಾಲ್ಕು ವರ್ಷ ಬರೆದಿಟ್ಟುಕೊಂಡು ಒಮ್ಮೆಯೂ ಓದಿ ನೋಡದ ವೈದ್ಯನನ್ನು ಲೋಕ ಏನೆಂದು ಕರೆಯುತ್ತದೋ, ಆ ಹೆಸರೂ ಅದರ ಜೊತೆಗೇ ಬರುತ್ತದೆ.

ಮೂರನೆಯ ಆಕ್ಷೇಪವೊಂದು ಸದಾ ಸಿದ್ಧವಾಗಿರುತ್ತದೆ: 'ಬಲೆ ಬೀಸಿ ಬುಟ್ಟಿಗಟ್ಟಲೆ ಕೊಲ್ಲುವ ಬೆಸ್ತರಿಗೆ ಮೊದಲು ಉಪದೇಶ ಮಾಡಿ.' ಜಂಗಮ ದಾಸೋಹದ ಮನೆಗಳಲ್ಲಿ ಮಾಂಸಾಹಾರಕ್ಕೆ ಎಡೆಯಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಹಾಗಿದ್ದರೂ ಹೊಟ್ಟೆಪಾಡಿಗಾಗಿ ಕೆರೆಯಲ್ಲಿ ಬಲೆ ಬೀಸುವ ಬಡವನನ್ನೂ ಬೇಸರ ಕಳೆಯಲು ನದಿಗೆ ಕಾರಿನಲ್ಲಿ ಬಂದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ. ಬಡವನ ಬಲೆಯ ಹಿಂದೆ ಮಕ್ಕಳ ಹಸಿವಿದೆ. ಅವನು ಹಿಂಸೆಗೆ ಕರುಣೆಯ ಹೆಸರಿಟ್ಟು ಮೆರೆಯುವುದೂ ಇಲ್ಲ. ಶರಣರ ಕಾಲದಲ್ಲಿ ನೀರಿನ ಮೇಲೆ ಬದುಕಿದ ಅಂಬಿಗರ ಚೌಡಯ್ಯನು ಡಾಂಭಿಕರನ್ನು ಕಂಡರೆ ಎಂತಹ ಕಟುವಾದ ಮಾತಾಡುತ್ತಿದ್ದನೆಂದು ವಚನ ಓದುವವರಿಗೆಲ್ಲ ಗೊತ್ತು. ಅವನ ದೋಣಿ ಜನರನ್ನು ದಡ ಮುಟ್ಟಿಸುವ ಕಾಯಕದ ದೋಣಿ. ಕೊಕ್ಕೆಯಲ್ಲಿ ಸಿಕ್ಕ ಜೀವವನ್ನು ದಣಿಸುವುದಕ್ಕಾಗಿ ಹರಿಗೋಲೇರಿ ಸುತ್ತುವವನು ಅವನ ಕಣ್ಣಿಗೆ ಬಿದ್ದಿದ್ದರೆ ಮೌನವಾಗಿ ದಾಟಿಸುತ್ತಿರಲಿಲ್ಲ. ಕಾಯಕಕ್ಕೂ ಕ್ರೀಡೆಗೂ ನಡುವಿನ ಈ ಗೆರೆ ಅಳಿದುಹೋದರೆ, ಬಡವನ ಬಲೆ ಅಪರಾಧವಾಗಿ ಉಳ್ಳವನ ಗಾಳ ಸಂರಕ್ಷಣೆಯಾಗುವ ವಿಪರೀತವೇ ನ್ಯಾಯವೆನಿಸಿಬಿಡುತ್ತದೆ.

'ಕೊಕ್ಕೆಯಿಲ್ಲದೆ ಮೀನನ್ನು ಕಾಯಲು ಸಾಧ್ಯವೇ?' ಎಂದು ಕೇಳುವವರಿಗೆ ನಾಡಿನಲ್ಲೇ ಉತ್ತರವಿದೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ದೇವಾಲಯದ ಎದುರಿಗೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮಡುವಿನಲ್ಲಿ, ದೇವರ ಮೀನೆಂದು ಜನ ಕೈ ಮುಗಿದು ಕಾದ ಮೀನುಗಳು ಇಂದಿಗೂ ಇವೆ. ಅಲ್ಲಿ ಶುಲ್ಕದ ಶಿಬಿರವಿರಲಿಲ್ಲ, ಪರವಾನಗಿಯಿರಲಿಲ್ಲ. ಈ ಮೀನು ಕೈಗೆ ಬರತಕ್ಕದ್ದಲ್ಲವೆಂಬ ಊರಿನ ಒಪ್ಪಂದವೊಂದೇ ಕಾವಲಾಗಿತ್ತು. 1996ರಲ್ಲಿ ಶಿಶಿಲದ ಹೊಳೆಗೆ ದುಷ್ಟರು ವಿಷವಿಕ್ಕಿದಾಗ ಅಸಂಖ್ಯ ಮೀನುಗಳು ಸತ್ತವು. ಊರವರು ಅವುಗಳಿಗಾಗಿ ಸ್ಮಾರಕ ನಿಲ್ಲಿಸಿದರು, ಮತ್ತೆ ಕಾದರು. ಕಳೆದುಕೊಂಡ ಮೀನಿಗಾಗಿ ಕಲ್ಲು ನಿಲ್ಲಿಸುವ ಊರು ಅದನ್ನು ಎಂದೂ ಆಟದ ಸಾಮಾನೆಂದು ಎಣಿಸಿರಲಿಲ್ಲ.

ಆದರೆ ಭಕ್ತರು ಇಲ್ಲಿಗೇ ಸಂತೋಷಪಟ್ಟು ನಿಲ್ಲುವಂತಿಲ್ಲ. ದೇವರ ಮೀನಿಗೆ ಮಂಡಕ್ಕಿ ಎರಚಿ, ಪ್ಲಾಸ್ಟಿಕ್ ಚೀಲವನ್ನು ಅದೇ ನೀರಿಗೆ ಬಿಸಾಡಿ, ಪುಣ್ಯ ಬಂತೆಂದು ಬಸ್ಸು ಹತ್ತುವ ಭಕ್ತಿಯೂ ಪರೀಕ್ಷೆಗೆ ಒಳಗಾಗಬೇಕು. ಮೀನಿಗೆ ಬೇಕಾಗಿರುವುದು ಹರಿಯುವ ನೀರು, ಮೊಟ್ಟೆಯಿಡಲು ಕದಡದ ಕಲ್ಲುಗರಸು, ಕೊಳಕಿಲ್ಲದ ಮಡು. ಅದನ್ನು ಕೊಡದೆ ಮಂಡಕ್ಕಿಯನ್ನು ಕೊಟ್ಟು ಪುಣ್ಯದ ಲೆಕ್ಕ ಬರೆದುಕೊಂಡರೆ, ಆ ಮಂಡಕ್ಕಿಯೊಳಗೂ ಒಂದು ಕೊಕ್ಕೆ ಅಡಗಿದೆ. ಅದಕ್ಕೆ ಸಿಗಬೇಕಾದದ್ದು ಮೀನಿನ ಬದಲು ಸ್ವರ್ಗ, ಅಷ್ಟೇ ವ್ಯತ್ಯಾಸ. ಫಲಾಪೇಕ್ಷೆಯ ಪೂಜೆಯನ್ನು ವ್ಯಾಪಾರವೆಂದು ಕಂಡ ಶರಣರು ಈ ಎರಡು ಎರೆಗಳನ್ನೂ ಒಂದೇ ಅಂಗಡಿಗೆ ಸೇರಿಸುತ್ತಿದ್ದರು.

ಇನ್ನು ನಂಗಲಿಯ ಮಾತು. ಕಾವೇರಿ ದೂರದ ನದಿ, ಅದರ ಸುಖದುಃಖ ಮೈಸೂರು ಮಂಡ್ಯದವರಿಗೆ ಸೇರಿದ್ದು ಎಂದು ಕೋಲಾರ ಸೀಮೆಯವರು ತಿಳಿದರೆ ಅದು ಮರೆವು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ ಹುಟ್ಟಿದಾಗ, ಅದು ಮೊದಲು ತಂತಿಯ ಮೇಲೆ ಸುಮಾರು 147 ಕಿಲೋಮೀಟರು ಸಾಗಿ ಬಂದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗಿಂತ ಮೊದಲೇ ಕಾವೇರಿ ಈ ಜಿಲ್ಲೆಗೆ ಬೆಳಕು ಕೊಟ್ಟಿತು. ಅದೇ ಶಿವನಸಮುದ್ರದ ಆಸುಪಾಸಿನಿಂದ ಎತ್ತಿ, ತೊರೆಕಾಡನಹಳ್ಳಿಯ ಮೂಲಕ ಬೆಂಗಳೂರಿಗೆ ಸಾಗಿಸುವ ಕೆಲಸ 1974ರಿಂದ ಹಂತ ಹಂತವಾಗಿ ನಡೆದು, 2024ರಲ್ಲಿ ಐದನೆಯ ಹಂತವನ್ನು ತಲುಪಿದೆ. ಬೆಂಗಳೂರು ಕುಡಿದು ತೊಳೆದು ಬಿಟ್ಟ ಆ ನೀರನ್ನು ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿ, 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಸಂಸ್ಕರಣೆ ಸಾಲದೆಂಬ ರೈತರ ಆಕ್ಷೇಪವೂ ಅದರ ಜೊತೆಗೇ ಹರಿದು ಬಂದಿದೆ. ಬತ್ತಿದ ಕೆರೆಯಂಗಳದಲ್ಲಿ ಇಂದು ನೀರು ಮಿನುಗಿದರೆ, ಅದರಲ್ಲಿ ಡುಬ್ಬದ ಮಹಶೀರಿನ ನದಿಯ ಪಾಲಿದೆ. ಆ ಮೀನಿನ ಮನೆಯಿಂದ ನೀರನ್ನೂ ಬೆಳಕನ್ನೂ ಪಡೆದ ಜಿಲ್ಲೆಯ ಮಗ, ವಾರದ ಕೊನೆಗೆ ಅದೇ ಮನೆಗೆ ಕೊಕ್ಕೆ ಹಿಡಿದು ಹೋಗುವುದು ಋಣವನ್ನು ತೀರಿಸುವ ಬಗೆಯೇ?

ಋಣ ತೀರಿಸುವ ದಾರಿ ಹತ್ತಿರದಲ್ಲೇ ಇದೆ. ಕೋಲಾರದ ಹಿರಿಯರು ನದಿಯಿಲ್ಲದ ನೆಲದಲ್ಲಿ ಸಾವಿರಾರು ಕೆರೆಗಳನ್ನು ಕಟ್ಟಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಪೋಣಿಸಿದ್ದರು. ಆ ಕಾಲುವೆಗಳಲ್ಲಿ ಇಂದು ಹೂಳಿದೆ, ಒತ್ತುವರಿಯಿದೆ, ಜಾಲಿ ಬೆಳೆದಿದೆ. ಶನಿವಾರ ಭಾನುವಾರಗಳನ್ನು ಕಳೆಯಲು ಜಾಗ ಹುಡುಕುವ ಯುವಕರಿಗೆ ಊರ ಕೆರೆಯ ಏರಿ ಕಾಯುತ್ತಿದೆ. ಕಾವೇರಿಯಲ್ಲಿ ಹೊರಗಿನ ಮೀನನ್ನು ತಂದು ಬಿಟ್ಟದ್ದರ ಫಲವನ್ನು ಕಂಡ ಮೇಲೆ, ಬೇಗ ಬೆಳೆಯುತ್ತದೆಂಬ ಆಸೆಗೆ ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಮರಿಗಳನ್ನು ಊರ ಕೆರೆಗೆ ಸುರಿಯುವವರನ್ನು ತಡೆದು ನಿಲ್ಲಿಸುವುದೂ ಜೀವದಯೆಯ ಕೆಲಸವೇ. ಕೆಸರಿನಲ್ಲಿ ಬದುಕುವ ಚಿಕ್ಕಪುಟ್ಟ ನಾಡಮೀನುಗಳಿಗೆ ಭಾವಚಿತ್ರದ ಕೀರ್ತಿಯಿಲ್ಲ. ಅವುಗಳ ಪ್ರಾಣದ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ.

ಕಾವೇರಿಯನ್ನು ನೋಡಲೇಬೇಕೆಂದವರು ಧಾರಾಳವಾಗಿ ನೋಡಿ ಬರಲಿ. ಮುತ್ತತ್ತಿಯ ದಡದಲ್ಲಿ ಕುಳಿತು ಸಂಜೆಯ ನೀರಿನ ಬಣ್ಣ ನೋಡಲಿ. ನೀರುನಾಯಿಗಳ ಆಟವನ್ನೂ ಮರಗಳ ಮೇಲಿನ ಹಕ್ಕಿಗಳನ್ನೂ ದೂರದಿಂದಲೇ ಕಾಣಲಿ. ದಡದ ಹಳ್ಳಿಗಳಲ್ಲಿ ನದಿಯ ಒಂದೊಂದು ಮಡುವನ್ನೂ ಹೆಸರಿಟ್ಟು ಬಲ್ಲ ಮಾರ್ಗದರ್ಶಕರು ಇನ್ನೂ ಇದ್ದಾರೆ. ಅವರಿಗೆ ಕೊಕ್ಕೆಯಿಲ್ಲದ ಕಾಯಕವನ್ನು, ಕಾಯುವ ಕಾಯಕವನ್ನು ಕೊಡಬೇಕೆಂದು ಸರ್ಕಾರವನ್ನು ಒತ್ತಾಯಿಸಲಿ. ಗಾಳಕ್ಕೆ ಹಣ ತೆರಲು ಸಿದ್ಧರಿದ್ದವರು ಕಾವಲಿಗೆ ಹಣ ತೆರಲು ಹಿಂಜರಿದರೆ, ಅವರ ಮೀನಿನ ಮೇಲಿನ ಪ್ರೀತಿಯ ಆಳ ಅಲ್ಲಿಗೇ ತಿಳಿಯುತ್ತದೆ.

ಮಹಾಮನೆಯ ಅಂಗಳದಿಂದ ಹೆಚ್ಚಾಗಿ ಬಂದ ಅಕ್ಕಿಯನ್ನು ಲಕ್ಕಮ್ಮ ಅನ್ನ ಮಾಡಲಿಲ್ಲ, ನೆರೆಹೊರೆಗೆ ತೋರಿಸಲಿಲ್ಲ, ಮುಟ್ಟಿ ಸಂತೋಷಪಡಲಿಲ್ಲ. ಹಾಗೆಯೇ ಹಿಂದಕ್ಕೆ ಕಳುಹಿಸಿದಳು. ಅವಳ ಬಳಿಯಲ್ಲಿ ಬಿಡುವುದನ್ನು ಕಲಿತವನ ಕಾರು ನಂಗಲಿಯಿಂದ ಹೊರಡುವಾಗಲೇ ಗಾಳದ ಕೋಲನ್ನು ಮನೆಯಲ್ಲಿ ಬಿಟ್ಟು ಹೊರಡುತ್ತದೆ. ಮನೆಯ ರಾಗಿ ಮುದ್ದೆ ಹಸಿದವರ ಎಲೆಗೆ ಹೋಗಲಿ. ಕಾವೇರಿಯ ಮೀನು ಅದರ ಮಡುವಿನಲ್ಲಿ ನಿಶ್ಚಿಂತೆಯಿಂದಿರಲಿ.